ಉಪ್ಪನ ಲೆಕ್ಕದ ಪುಸ್ತಕದಲ್ಲಿ ಒಂದು ಹಲ್ಲಿ

ಉಪ್ಪಳದ ನಮ್ಮ ಜಿನಸಿನ ಅಂಗಡಿಯಲ್ಲಿ ತಕ್ಕಡಿಯ ಹಿಂದೆ ಒಂದು ಉದ್ದ ಬೆತ್ತ ಇರುತ್ತಿತ್ತು. ನನಗೆ ಹೊಡೆಯಲಿಕ್ಕೆ ಇದ್ದದ್ದಲ್ಲ, ಹಲ್ಲಿಗೆ. ಅಕ್ಕಿ ಗೋಣಿಯ ಮೇಲೆ, ಬೆಲ್ಲದ ಡಬ್ಬಿಯ ಮುಚ್ಚಳದ ಮೇಲೆ, ಕೊನೆಗೆ ಗಲ್ಲಾಪೆಟ್ಟಿಗೆಯ ಒಳಗೂ ಅದರ ಹಿಕ್ಕೆ ಬೀಳುತ್ತಿತ್ತು. ಗಿರಾಕಿಗಳು ನೋಡಿದರೆ ಏನು ಹೇಳಿಯಾರು ಎಂದು ಉಪ್ಪನಿಗೆ ಚಿಂತೆ. ಸಂಜೆ ಮದ್ರಸ ಮುಗಿಸಿ ಬಂದ ನನಗೆ ಅದೇ ಕೆಲಸ. ಒಂದು ಹಲ್ಲಿಗೆ ಒಂದು ಪೆಪ್ಪರ್ಮಿಂಟ್. ಇಬ್ರಾಹಿಂ ನೆಬಿಯವರನ್ನು ಬೆಂಕಿಗೆ ಹಾಕಿದಾಗ ಹಲ್ಲಿ ಆ ಬೆಂಕಿಯನ್ನು ಊದಿತ್ತು ಎಂದು ಮದ್ರಸದಲ್ಲಿ ಕೇಳಿದ್ದೆವು. ಒಂದೇ ಏಟಿಗೆ ಕೊಂದರೆ ಪುಣ್ಯ ಹೆಚ್ಚು ಎಂಬುದೂ ಗೊತ್ತಿತ್ತು. ಹಾಗಾಗಿ ನನಗೆ ಪುಣ್ಯವೂ ಸಿಕ್ಕಿತು, ಪೆಪ್ಪರ್ಮಿಂಟೂ ಸಿಕ್ಕಿತು. ಇಂಥ ನಾನು ಮುಂದೆ ನಾಲ್ಕು ವರ್ಷ ಶಾರ್ಜಾದಲ್ಲಿ ಹಲ್ಲಿ ಸಾಕಿದೆ ಎಂದರೆ ಊರಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಲ್ಲರ ಹಾಗೆ ನಾನೂ ಗಲ್ಫಿಗೆ ಹೋದೆ. ಎ.ಸಿ. ರಿಪೇರಿಯ ಕೆಲಸ. 2017ರ ಮೇ ತಿಂಗಳಲ್ಲಿ ಒಂದು ಫ್ಲಾಟಿಗೆ ಹೋದಾಗ ಅಲ್ಲಿನವರು ದೇಶ ಬಿಟ್ಟು ಹೊರಡುವ ಗಡಿಬಿಡಿಯಲ್ಲಿದ್ದರು. ಸೋಫಾ ಮಾರಾಟವಾಗಿತ್ತು, ಫ್ರಿಜ್ಜು ಮಾರಾಟವಾಗಿತ್ತು. ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ ಮಾತ್ರ ಉಳಿದಿತ್ತು. ಒಳಗೆ ಹಳದಿ ಮೈಮೇಲೆ ಕಪ್ಪು ಚುಕ್ಕೆಯ ಎರಡು ಹಲ್ಲಿಗಳು, ಒಂದೊಂದೂ ಗೇಣಿನಷ್ಟು ಉದ್ದ. ಲೆಪರ್ಡ್ ಗೆಕ್ಕೋ, ಎಂದರೆ ಚಿರತೆ ಹಲ್ಲಿ. "ಕೊಂಡುಹೋಗ್ತೀಯಾ? ಇಲ್ಲದಿದ್ದರೆ ವಾಚ್‌ಮನ್‌ಗೆ ಹೇಳಿ ಎಲ್ಲಾದರೂ ಬಿಡಿಸ್ತೇನೆ" ಎಂದರು ಆ ಮನೆಯವರು. ಹೊರಗೆ ನಲವತ್ತು ಡಿಗ್ರಿ ಬಿಸಿಲು. ಎಲ್ಲಿ ಬಿಡಿಸುತ್ತಾರೆ ಎಂದು ನನಗೆ ಗೊತ್ತಿತ್ತು. ಟೂಲ್ ಬ್ಯಾಗನ್ನು ಒಂದು ಕೈಯಲ್ಲಿ, ತೊಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಇಳಿದೆ.

ರೂಮಿನಲ್ಲಿ ನಾವು ಆರು ಜನ. ಐವರು ಒಂದು ಕಡೆ, ನಾನು ಒಂದು ಕಡೆ. ಹಿರಿಯರೊಬ್ಬರು, "ನಮಾಜು ಮಾಡುವ ರೂಮಿನಲ್ಲಿ ಇದನ್ನು ಇಡುವುದಾ? ಕೊಲ್ಲಬೇಕಾದದ್ದನ್ನು ಸಾಕುವುದಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ, ನನಗೂ ಅದು ತಮಾಷೆಯಾಗಿರಲಿಲ್ಲ. ಊರಿನಲ್ಲಿ ನನಗೆ ಓದಿಸಿದ ಉಸ್ತಾದರಿಗೆ ಫೋನ್ ಮಾಡಿದೆ. ಅವರು ಕಣ್ಣಲ್ಲಿ ನೋಡದ ಪ್ರಾಣಿಯ ಬಗ್ಗೆ ಫೋನಿನಲ್ಲಿ ಏನೂ ಹೇಳಲಾರೆ ಎಂದರು. ಆಮೇಲೆ ಒಂದು ಮಾತು ಕೇಳಿದರು: "ಅದಕ್ಕೆ ತಿನ್ನಲಿಕ್ಕೆ ಕೊಟ್ಟಿದ್ದೀಯಾ?" ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ಸಿಕ್ಕ ಶಿಕ್ಷೆಯ ಹದೀಸನ್ನು ನೆನಪಿಸಿದರು. "ನೀನು ಗಾಜಿನೊಳಗೆ ಇಟ್ಟದ್ದಕ್ಕೆ ನೀನೇ ಜವಾಬು ಹೇಳಬೇಕಾದವ. ಸಾಕುವುದಾದರೆ ಸರಿಯಾಗಿ ಸಾಕು, ಇಲ್ಲದಿದ್ದರೆ ಸಾಕುವವರಿಗೆ ಕೊಡು." ಇಷ್ಟು ಹೇಳಿ ಫೋನ್ ಇಟ್ಟರು. ಮುಂದಿನ ನಾಲ್ಕು ವರ್ಷ ನನ್ನ ಜತೆ ಇದ್ದದ್ದು ಈ ಮಾತು.

ಸರಿಯಾಗಿ ಸಾಕುವುದು ಎಂದರೆ ಏನು ಎಂದು ಕಲಿಯುತ್ತ ಹೋದೆ. ಮೊದಲು ತಿಳಿದದ್ದು ಇದು ನಮ್ಮ ಗೋಡೆಯ ಹಲ್ಲಿಯಲ್ಲ ಎಂಬುದು. ಗೋಡೆಯ ಹಲ್ಲಿಯ ಬೆರಳಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲಕ್ಷಗಟ್ಟಲೆ ಕೂದಲುಗಳಿವೆ. ಅಂಟು ಇಲ್ಲ, ಗಾಳಿ ಹೀರುವುದೂ ಇಲ್ಲ. ಅಣು ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಎಂಬ ಸೆಳೆತದಿಂದ ಅದು ಗಾಜಿನ ಮೇಲೂ ನಿಲ್ಲುತ್ತದೆ ಎಂದು 2002ರಲ್ಲಿ ಕೆಲ್ಲರ್ ಆಟಂ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಚಿರತೆ ಹಲ್ಲಿಗೆ ಆ ಕೂದಲು ಇಲ್ಲ, ಬರೀ ಉಗುರು. ಗೋಡೆ ಹತ್ತಲಾರದು. ಗೋಡೆಯ ಹಲ್ಲಿಗೆ ಕಣ್ಣಿನ ರೆಪ್ಪೆ ಇಲ್ಲ, ನಾಲಿಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ. ಇದಕ್ಕೆ ರೆಪ್ಪೆ ಇದೆ, ನಮ್ಮ ಹಾಗೆ ಕಣ್ಣು ಮುಚ್ಚಿ ಮಲಗುತ್ತದೆ. ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ದೇಶದ ವಾಯವ್ಯದ ಒಣ ಕಲ್ಲುನೆಲ ಇದರ ಊರು. ಸಾಕಿದರೆ ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ. ಈ ಕೊನೆಯ ಸಂಗತಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ವೀಸಾ ಎರಡು ವರ್ಷಕ್ಕೊಮ್ಮೆ ಹೊಸದಾಗಬೇಕಾದದ್ದು.

ತೊಟ್ಟಿಯಲ್ಲಿ ಬರೀ ಒಂದು ಬಲ್ಬು ಇತ್ತು. ಗಂಡು ಹೆಣ್ಣು ಎರಡೂ ಒಟ್ಟಿಗೆ ಇದ್ದವು. ಬಾಲದ ಬುಡದ ಮುಂದೆ ವಿ ಆಕಾರದಲ್ಲಿ ಸಣ್ಣ ರಂಧ್ರಗಳ ಸಾಲು ಸ್ಪಷ್ಟವಾಗಿ ಕಂಡರೆ ಗಂಡು. ಗಂಡಿನ ಕಾಟಕ್ಕೆ ಹೆಣ್ಣು ಸೊರಗಿತ್ತು. ಈ ಹಲ್ಲಿಗೆ ಬಾಲವೇ ಗಲ್ಲಾಪೆಟ್ಟಿಗೆ. ಕೊಬ್ಬು ಕೂಡಿಡುವುದು ಅಲ್ಲಿ. ಹೆಣ್ಣಿನ ಬಾಲ ಪೆನ್ಸಿಲಿನ ಹಾಗೆ ಇತ್ತು, ತೂಕ 38 ಗ್ರಾಂ. ಮೊದಲ ಕೆಲಸ, ಎರಡನ್ನೂ ಬೇರೆ ಮಾಡಿದೆ. ತೊಟ್ಟಿಯ ಒಂದು ಬದಿಯ ಅಡಿಯಲ್ಲಿ ಹೀಟ್ ಮ್ಯಾಟ್ ಹಾಕಿ ಅಲ್ಲಿನ ನೆಲ 32 ಡಿಗ್ರಿಗೆ ನಿಲ್ಲುವಂತೆ ಥರ್ಮೋಸ್ಟಾಟ್ ಕೊಟ್ಟೆ. ಇನ್ನೊಂದು ಬದಿ 25 ಡಿಗ್ರಿ. ತನ್ನ ಮೈಯ ಬಿಸಿಯನ್ನು ತಾನೇ ಉಂಟುಮಾಡಲಾಗದ ಜೀವ ಅದು. ಬೇಕಾದಾಗ ಬಿಸಿಯ ಕಡೆಗೆ, ಸಾಕಾದಾಗ ತಂಪಿನ ಕಡೆಗೆ ಹೋಗುತ್ತದೆ. ತಿಂದದ್ದು ಜೀರ್ಣವಾಗಬೇಕಾದರೂ ಹೊಟ್ಟೆಯ ಅಡಿಗೆ ಬಿಸಿ ಬೇಕು. ನಡುವೆ ಒದ್ದೆ ಹಾಸಿನ ಒಂದು ಡಬ್ಬಿ ಇಟ್ಟೆ, ಪೊರೆ ಕಳಚಲಿಕ್ಕೆ. ಪೊರೆಯ ತುಂಡು ಬೆರಳಿನಲ್ಲಿ ಉಳಿದರೆ ದಾರ ಕಟ್ಟಿದ ಹಾಗೆ ಬಿಗಿದು ಬೆರಳೇ ಉದುರಿಹೋಗುತ್ತದೆ. ಕಳಚಿದ ಪೊರೆಯನ್ನು ಹಲ್ಲಿ ತಾನೇ ತಿಂದುಬಿಡುತ್ತದೆ.

ಊಟಕ್ಕೆ ಮೊದಲು ಜೀರುಂಡೆಯ ಜಾತಿಯ ಕ್ರಿಕೆಟ್ ಹುಳ ತಂದೆ. ರಾತ್ರಿಯಿಡೀ ಅದರ ಕಿರಿಕಿರಿ ಕೇಳಿ ರೂಮಿನವರು ಹಲ್ಲಿಗಿಂತ ಹೆಚ್ಚು ಅದನ್ನು ದ್ವೇಷಿಸಿದರು. ಆಮೇಲೆ ಮೀಲ್‌ವರ್ಮ್‌ಗೆ ಬಂದೆ. ಅದನ್ನು ಓಟ್ಸ್ ಡಬ್ಬಿಯಲ್ಲಿ ಸಾಕಬೇಕು. ಒಂದು ಬೆಳಿಗ್ಗೆ ನಮ್ಮ ಕುಂಬಳೆಯ ಗೆಳೆಯ ಹಾಲು ಬಿಸಿ ಮಾಡಿ ಆ ಡಬ್ಬಿಗೆ ಚಮಚ ಹಾಕಿದ. ಅವನ ಕೂಗು ಮೂರನೇ ಮಾಳಿಗೆಯವರೆಗೂ ಕೇಳಿತು. ಅಂದಿನಿಂದ ಡಬ್ಬಿಯ ಮೇಲೆ ಕನ್ನಡದಲ್ಲೂ ಮಲಯಾಳದಲ್ಲೂ "ಹುಳ" ಎಂದು ಬರೆದಿಟ್ಟೆ. ಹುಳ ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು. ಹುಳಕ್ಕೆ ಕ್ಯಾರೆಟ್, ಸೊಪ್ಪು ಕೊಟ್ಟು ಕೊಬ್ಬಿಸಿ, ಅದರ ಮೇಲೆ ಕ್ಯಾಲ್ಸಿಯಂ ಪುಡಿ ಹೊರಳಿಸಿ ಕೊಡಬೇಕು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಸಿಗದಿದ್ದರೆ ಎಲುಬು ಮೆತ್ತಗಾಗಿ ಕಾಲು ಬಾಗುತ್ತದೆ, ದವಡೆ ರಬ್ಬರಿನ ಹಾಗೆ ಆಗುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಇರಬಹುದು. ವುಝು ಮಾಡುವವನಿಗೆ ಇದು ದೊಡ್ಡ ಕಷ್ಟವಲ್ಲ.

ಒಂದು ವರ್ಷದಲ್ಲಿ ಹೆಣ್ಣು 56 ಗ್ರಾಂ ಆಯಿತು. ಬಾಲ ನನ್ನ ಹೆಬ್ಬೆರಳಿನಷ್ಟು ದಪ್ಪ. 2018ರ ಬೇಸಿಗೆಯಲ್ಲಿ ಎರಡನ್ನೂ ಸ್ವಲ್ಪ ಹೊತ್ತು ಒಟ್ಟಿಗೆ ಬಿಟ್ಟೆ. ಗಂಡಿನ ಬಾಲದ ತುದಿ ಗೆಜ್ಜೆಯ ಹಾಗೆ ನಡುಗಿತು. ಕೆಲವು ವಾರಗಳ ನಂತರ ಹೆಣ್ಣನ್ನು ಅಡಿಯಿಂದ ನೋಡಿದಾಗ ಹೊಟ್ಟೆಯ ತೆಳು ಚರ್ಮದೊಳಗೆ ಬಿಳಿಯ ಎರಡು ಮೊಟ್ಟೆಗಳು ಕಂಡವು. ಇಡುವುದು ಒಂದು ಸಲಕ್ಕೆ ಎರಡೇ. ಆದರೆ ಒಂದೇ ಋತುವಿನಲ್ಲಿ ಹಲವು ಸಲ ಇಡಬಹುದು. ಓಡು ಕೋಳಿಮೊಟ್ಟೆಯ ಹಾಗೆ ಗಟ್ಟಿಯಲ್ಲ, ಚರ್ಮದ ಹಾಗೆ ಮೆತ್ತಗೆ.

ನಮ್ಮ ಉಮ್ಮ ಕೋಳಿಯನ್ನು ಕಾವಿಗೆ ಕೂರಿಸುವುದನ್ನು ನೋಡಿ ಬೆಳೆದವ ನಾನು. ಮೊಟ್ಟೆಗೆ ಮಸಿಯ ಗುರುತು ಹಾಕುತ್ತಿದ್ದರು, ಕೋಳಿ ಅದನ್ನು ದಿನಕ್ಕೆ ಎಷ್ಟೋ ಸಲ ಮಗುಚುತ್ತಿತ್ತು. ಹಲ್ಲಿಯ ಮೊಟ್ಟೆಗೂ ಮೇಲ್ಗಡೆ ಗುರುತು ಹಾಕಬೇಕು, ಆದರೆ ಕಾರಣ ತಿರುಗಾಮುರುಗಾ. ಇದನ್ನು ಮಗುಚಲೇಬಾರದು. ಒಳಗಿನ ಜೀವ ಬೇಗನೆ ಓಡಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ ಸಾಯಬಹುದು.

ಥರ್ಮೋಕೋಲ್ ಪೆಟ್ಟಿಗೆ, ಹೀಟ್ ಮ್ಯಾಟ್, ಅಗ್ಗದ ಡಿಜಿಟಲ್ ಥರ್ಮೋಸ್ಟಾಟ್ ಇಷ್ಟರಲ್ಲಿ ಇನ್‌ಕ್ಯುಬೇಟರ್ ಮಾಡಿದೆ. ಮೆಕ್ಯಾನಿಕಲ್ ಓದಿದವ ಎಂಬ ಅಹಂಕಾರ ಬೇರೆ. ಆಗಸ್ಟಿನ ಒಂದು ಮಧ್ಯಾಹ್ನ ನಾನು ಬೇರೆಯವರ ಎ.ಸಿ. ಸರಿಮಾಡುತ್ತಿದ್ದಾಗ ನಮ್ಮದೇ ರೂಮಿನ ಎ.ಸಿ. ನಿಂತಿತು. ಸಂಜೆ ಬಂದಾಗ ಪೆಟ್ಟಿಗೆಯೊಳಗೆ 39 ಡಿಗ್ರಿ. ಥರ್ಮೋಸ್ಟಾಟ್ ತನ್ನ ಕೆಲಸ ಮಾಡಿತ್ತು, ಹೀಟ್ ಮ್ಯಾಟನ್ನು ಆರಿಸಿತ್ತು. ಆದರೆ ಅದು ಬಿಸಿ ನಿಲ್ಲಿಸಬಲ್ಲದೇ ಹೊರತು ತಂಪು ಮಾಡಲಾರದು. ನಾಲ್ಕು ಮೊಟ್ಟೆಗಳು ಒಂದು ವಾರದಲ್ಲಿ ಕುಗ್ಗಿ ಹಳದಿಯಾದವು. ಒಂದನ್ನು ಬಿಡಿಸಿ ನೋಡಿದೆ, ನೋಡಬಾರದಿತ್ತು. ಒಳಗೆ ಕಣ್ಣು ಮೂಡಿತ್ತು.

ಆ ರಾತ್ರಿ ಮನೆಗೆ ಫೋನ್ ಮಾಡಿದಾಗ ಬಾಯಿ ತಪ್ಪಿ ಉಪ್ಪನ ಹತ್ತಿರ ಹೇಳಿಬಿಟ್ಟೆ. ಅಲ್ಲಿವರೆಗೆ ಹಲ್ಲಿಯ ವಿಷಯ ಉಮ್ಮನಿಗೆ ಮಾತ್ರ ಗೊತ್ತಿತ್ತು. ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಲ್ಲಿಯ ಮೊಟ್ಟೆ ಹಾಳಾದ್ದಕ್ಕೆ ಬೇಸರ ಮಾಡ್ಲಿಕ್ಕಾ ನಿನ್ನನ್ನು ಓದಿಸಿದ್ದು?" ಎಂದು ಕೇಳಿದರು. ಫೋನನ್ನು ಉಮ್ಮನ ಕೈಗೆ ಕೊಟ್ಟರು. ನಮ್ಮಿಬ್ಬರ ನಡುವೆ ಮೊದಲೂ ಮಾತು ಕಡಿಮೆ. ಅಂಗಡಿ ನೋಡಿಕೊಳ್ಳದೆ ಗಲ್ಫಿಗೆ ಹೋದೆ ಎಂಬ ಸಿಟ್ಟು ಅವರಿಗೆ, ಒಮ್ಮೆಯೂ ಇರು ಎಂದು ಹೇಳಲಿಲ್ಲ ಎಂಬ ಸಿಟ್ಟು ನನಗೆ. ಆಮೇಲೆ ಫೋನಿನಲ್ಲಿ ಸಲಾಂ, ಮದ್ದು ತಗೊಂಡ್ರಾ, ದುಡ್ಡು ಬಂತಾ, ಇಷ್ಟೇ.

2019ರಲ್ಲಿ ಮೊಟ್ಟೆ ಇಡಿಸಲಿಲ್ಲ, ಪೆಟ್ಟಿಗೆ ಮಾತ್ರ ಸರಿಮಾಡಿದೆ. ಒಳಗೆ ನೀರು ತುಂಬಿದ ಬಾಟಲಿಗಳನ್ನು ಇಟ್ಟೆ. ನೀರು ನಿಧಾನ ಬಿಸಿಯಾಗುತ್ತದೆ, ನಿಧಾನ ಆರುತ್ತದೆ. ಹೊರಗೆ ಏನಾದರೂ ಒಳಗೆ ಏರಿಳಿತ ಕಡಿಮೆ. ಸೆನ್ಸರನ್ನು ಮ್ಯಾಟಿನ ಹತ್ತಿರದಿಂದ ತೆಗೆದು ಮೊಟ್ಟೆಯ ಡಬ್ಬಿಯೊಳಗೇ ಇಟ್ಟೆ. 31 ಡಿಗ್ರಿ ದಾಟಿದರೆ ಬೊಬ್ಬೆ ಹಾಕುವ ಅಲಾರಂ ಕೂರಿಸಿದೆ.

2020ರ ಮಾರ್ಚ್ 9ಕ್ಕೆ ಎರಡು ಮೊಟ್ಟೆ ಬಂದವು. ಒದ್ದೆ ವರ್ಮಿಕ್ಯುಲೈಟ್‌ನಲ್ಲಿ ಅರ್ಧ ಹೂತು, ಗುರುತು ಹಾಕಿ, 28 ಡಿಗ್ರಿಯಲ್ಲಿ ಇಟ್ಟೆ. ಎರಡು ವಾರದೊಳಗೆ ಲೋಕವೇ ಮುಚ್ಚಿತು. ವಿಮಾನ ನಿಂತಿತು. ಊರಿನಲ್ಲಿ ಗಲ್ಫಿನವರೆಂದರೆ ರೋಗ ತಂದವರು ಎಂದು ನೋಡುವ ದಿನಗಳು. ಇತ್ತ ತಲಪಾಡಿಯಲ್ಲಿ ರಸ್ತೆ ಬಂದ್. ಉಪ್ಪನಿಗೆ ಎದೆಯ ಕಾಯಿಲೆ, ವೈದ್ಯರು ಮಂಗಳೂರಿನಲ್ಲಿ. ಉಪ್ಪಳದವರಿಗೆ ಮಂಗಳೂರು ಪಕ್ಕದ ಮನೆಯ ಹಾಗೆ. ಹುಟ್ಟಿದ್ದು, ಓದಿದ್ದು, ಮದ್ದು ಮಾಡಿದ್ದು ಎಲ್ಲ ಅಲ್ಲೇ. ಆ ಪಕ್ಕದ ಮನೆಯ ಬಾಗಿಲು ಮುಚ್ಚಿದಾಗ ನಮ್ಮವರು ಹೇಗಿದ್ದರು ಎಂದು ಇದನ್ನು ಓದುವ ನಿಮಗೆ ಹೇಳಬೇಕಾಗಿಲ್ಲ. ಮದ್ದು ಮುಗಿಯುತ್ತ ಬಂದಿತ್ತು. ಅಂಗಡಿ ದಿನಕ್ಕೆ ಕೆಲವೇ ಗಂಟೆ. ರಾತ್ರಿ ವಿಡಿಯೋ ಕರೆಯಲ್ಲಿ ಉಪ್ಪನ ಮುಖ ನೋಡಿದರೆ ಹೆದರಿದ್ದು ಕಾಣುತ್ತಿತ್ತು. ಹೇಳುವ ಅಭ್ಯಾಸ ಅವರಿಗಿಲ್ಲ, ಕೇಳುವ ಅಭ್ಯಾಸ ನನಗಿಲ್ಲ.

ಒಂದು ರಾತ್ರಿ ಏನೂ ಮಾತು ತೋಚದೆ ಫೋನನ್ನು ಪೆಟ್ಟಿಗೆಯ ಕಡೆಗೆ ತಿರುಗಿಸಿದೆ. ಕತ್ತಲೆ ಮಾಡಿ ಮೊಟ್ಟೆಯ ಬದಿಗೆ ಸಣ್ಣ ಟಾರ್ಚ್ ಹಿಡಿದೆ. ಒಳಗೆ ಗುಲಾಬಿ ಬಣ್ಣ, ಅದರಲ್ಲಿ ಕೆಂಪು ನರಗಳು. ಬೈಯುತ್ತಾರೆ ಎಂದುಕೊಂಡೆ. "ಎಷ್ಟು ದಿನ ಆಯ್ತು?" ಎಂದು ಕೇಳಿದರು. ಇಪ್ಪತ್ತೆರಡು ಎಂದೆ. "ಕೋಳಿಗೆ ಇಪ್ಪತ್ತೊಂದು ಸಾಕು" ಎಂದರು.

ಮಾರನೆಯ ದಿನ ಅವರೇ ಕೇಳಿದರು. ಆಮೇಲೆ ಪ್ರತಿ ರಾತ್ರಿ. ಗಂಡೋ ಹೆಣ್ಣೋ ಹೇಗೆ ಗೊತ್ತು ಎಂದು ಕೇಳಿದಾಗ, ಈ ಹಲ್ಲಿಯಲ್ಲಿ ಅದನ್ನು ತೀರ್ಮಾನಿಸುವುದು ಕಾವಿನ ಬಿಸಿ ಎಂದು ವಿವರಿಸಿದೆ. 26 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಎಲ್ಲ ಹೆಣ್ಣು, 32ರ ಮೇಲೆ ಹೆಚ್ಚಿನವು ಗಂಡು, ಇನ್ನೂ ಎರಡು ಡಿಗ್ರಿ ಏರಿದರೆ ಮತ್ತೆ ಹೆಣ್ಣೇ ಹೆಚ್ಚು. ಇಂಥದ್ದೊಂದು ಉಂಟು ಎಂದು ಮೊದಲು ತೋರಿಸಿದ್ದು 1966ರಲ್ಲಿ, ಆಫ್ರಿಕಾದ ಒಂದು ಜಾತಿಯ ಓತಿಯಲ್ಲಿ, ಮ್ಯಾಡೆಲೀನ್ ಶಾರ್ನಿಯೆ ಎಂಬ ವಿಜ್ಞಾನಿ. ಉಪ್ಪ ನಕ್ಕರು. "ಅಲ್ಲಾಹು ಮಾಡುವ ಕೆಲಸ ನೀನು ಸ್ವಿಚ್ಚಿನಲ್ಲಿ ಮಾಡ್ತೀಯಾ?" ಎಂದರು. ಬಿಸಿಯನ್ನು ಕೊಟ್ಟವನೂ ಅವನೇ ಅಲ್ವಾ ಎಂದೆ. ಆ ಒಂದು ತಿಂಗಳಲ್ಲಿ ನಾವು ಆಡಿದಷ್ಟು ಮಾತು ಹಿಂದಿನ ಹತ್ತು ವರ್ಷದಲ್ಲಿ ಆಡಿರಲಿಲ್ಲ. ನಡುವೆ ಯಾರೋ ಪುಣ್ಯಾತ್ಮರು ಮದ್ದನ್ನು ಕೈಯಿಂದ ಕೈಗೆ ದಾಟಿಸಿ ಮನೆಗೆ ಮುಟ್ಟಿಸಿದರು. ಅದನ್ನೂ ಉಪ್ಪ ಮೊಟ್ಟೆಯ ವಿಚಾರ ಕೇಳಿ ಮುಗಿದ ಮೇಲೆಯೇ ಹೇಳಿದ್ದು.

ನಲವತ್ತನೇ ದಿನ ಒಂದು ಮೊಟ್ಟೆಗೆ ಬೂಸಲು ಹಿಡಿಯಿತು. ಅದು ಹೋಯಿತು ಎಂದೆ. "ಇನ್ನೊಂದನ್ನು ಬಿಡಿಸಿ ನೋಡಬೇಡ" ಎಂದರು. ಹಿಂದಿನದನ್ನು ಬಿಡಿಸಿದ್ದು ಅವರಿಗೆ ಉಮ್ಮ ಹೇಳಿರಬೇಕು.

ಮೇ 1, ಐವತ್ತಮೂರನೇ ದಿನ, ರಂಜಾನಿನ ಎಂಟನೇ ಉಪವಾಸ. ಅತ್ತಾಳಕ್ಕೆ ಎದ್ದು ನೋಡಿದರೆ ಓಡು ಸೀಳಿ ಸಣ್ಣ ಮೂತಿ ಹೊರಗೆ ಬಂದಿತ್ತು. ಮೂತಿಯ ತುದಿಯಲ್ಲಿ ಓಡು ಕೊರೆಯಲಿಕ್ಕೆಂದೇ ಇರುವ ಪುಟ್ಟ ಹಲ್ಲು ಇರುತ್ತದೆ, ಕೆಲಸ ಮುಗಿದ ಮೇಲೆ ಉದುರಿಹೋಗುತ್ತದೆ. ಕೂಡಲೇ ಮನೆಗೆ ಕರೆ ಮಾಡಿದೆ. ಅಲ್ಲಿ ಸುಬಹಿ ಮುಗಿದಿತ್ತು. ಉಪ್ಪ ನಮಾಜಿನ ಟೊಪ್ಪಿಯಲ್ಲೇ ಫೋನಿನ ಮುಂದೆ ಕೂತರು. ಮರಿ ಪೂರ್ತಿ ಹೊರಗೆ ಬರುವವರೆಗೆ ಎದ್ದು ಹೋಗಲಿಲ್ಲ. ಮೈಮೇಲೆ ಚುಕ್ಕೆ ಇಲ್ಲ, ಕಪ್ಪು ಹಳದಿ ಪಟ್ಟೆ. ಚುಕ್ಕೆ ಬರುವುದು ಬೆಳೆಯುತ್ತ. "ಈಗ ಏನು ಕೊಡ್ತಿ ಅದಕ್ಕೆ?" ಎಂದು ಕೇಳಿದರು. ಮೊದಲ ಪೊರೆ ಕಳಚುವವರೆಗೆ ಮೂರು ನಾಲ್ಕು ದಿನ ಅದು ಏನೂ ತಿನ್ನುವುದಿಲ್ಲ, ಹೊಟ್ಟೆಯೊಳಗಿನ ಹಳದಿಯೇ ಸಾಕು ಎಂದೆ. "ಹಾಗಾದ್ರೆ ಅದಕ್ಕೂ ಉಪವಾಸವೇ" ಎಂದರು.

ವಾರಕ್ಕೊಮ್ಮೆ ತೂಕ ಕೇಳುತ್ತಿದ್ದರು. ತಕ್ಕಡಿ ಹಿಡಿದು ನಲವತ್ತು ವರ್ಷ ಕಳೆದವರು. ನನ್ನ ಡಿಜಿಟಲ್ ತಕ್ಕಡಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. "ಸೊನ್ನೆಗೆ ತಂದು ನೋಡಿದ್ದೀಯಾ?" ಎಂದು ಪ್ರತಿ ಸಲ ಕೇಳುತ್ತಿದ್ದರು.

ಇದಾದ ಮೇಲೆ ನಾನು ಮೊಟ್ಟೆ ಇಡಿಸಲಿಲ್ಲ. ಕಾರಣ ಹೇಳುತ್ತೇನೆ. ಒಂದು ಹೆಣ್ಣು ವರ್ಷಕ್ಕೆ ಹತ್ತು ಮರಿ ಕೊಡಬಹುದು. ಒಂದೊಂದಕ್ಕೂ ಹದಿನೈದು ಇಪ್ಪತ್ತು ವರ್ಷದ ಮನೆ ಬೇಕು, ಒಂದೊಂದಕ್ಕೂ ಬೇರೆ ತೊಟ್ಟಿ ಬೇಕು. ವ್ಯಾಪಾರ ಮಾಡುವವರು ಹೊಸ ಹೊಸ ಬಣ್ಣಕ್ಕಾಗಿ ತಳಿ ಬೆಳೆಸುತ್ತಾರೆ. ಎನಿಗ್ಮಾ ಎಂಬ ಬಣ್ಣದ ತಳಿಯಲ್ಲಿ ಎಷ್ಟೋ ಹಲ್ಲಿಗಳು ತಲೆ ಓರೆ ಮಾಡಿಕೊಂಡು ಸುತ್ತುತ್ತಲೇ ಇರುತ್ತವೆ. ಲೆಮನ್ ಫ್ರಾಸ್ಟ್ ಎಂಬ ಚಂದದ ಬಣ್ಣದ ಜತೆಗೇ ಚರ್ಮದ ಗಡ್ಡೆ ಬರುತ್ತದೆ ಎಂದು 2021ರಲ್ಲಿ ವಿಜ್ಞಾನಿಗಳು ವಂಶವಾಹಿಯ ಮಟ್ಟದಲ್ಲೇ ತೋರಿಸಿದರು. ನಾವು ಕಣ್ಣಿಗೆ ಚಂದ ಎಂದು ಹುಟ್ಟಿಸಿದ್ದಕ್ಕೂ ಉಸ್ತಾದರು ಹೇಳಿದ ಜವಾಬು ಇದೆ ಎಂದು ನನಗೆ ಅನಿಸುತ್ತದೆ.

2021ರಲ್ಲಿ ಉಪ್ಪನ ಆರೋಗ್ಯ ಕೆಟ್ಟಿತು. ಕೆಲಸ ಬಿಟ್ಟು ಊರಿಗೆ ಹೊರಟೆ. ಹಲ್ಲಿಗಳನ್ನು ತರಬಹುದಾ ಎಂದು ವಿಚಾರಿಸಿದೆ. ಜೀವಂತ ಪ್ರಾಣಿಯನ್ನು ಆಮದು ಮಾಡಲು ಲೈಸೆನ್ಸು, ಆರೋಗ್ಯದ ಕಾಗದ ಎಲ್ಲ ಬೇಕು. ಬ್ಯಾಗಿನಲ್ಲಿ ಹಾಕಿ ತಂದರೆ ಅದು ಕಳ್ಳಸಾಗಣೆ. ಸಾಕಿ ಅನುಭವ ಇದ್ದ ಒಂದು ಕುಟುಂಬವನ್ನು ಹುಡುಕಿ ಮೂರನ್ನೂ ಕೊಟ್ಟೆ. ಗಂಡನ್ನು ಬೇರೆ ಇಡಬೇಕು ಎಂದು ಮೂರು ಸಲ ಹೇಳಿದೆ. ಅವರು ನಕ್ಕಿರಬೇಕು.

ಮನೆಗೆ ಬಂದು ಮುಟ್ಟಿದಾಗ ಉಪ್ಪ ಚಾವಡಿಯಲ್ಲಿ ಮಲಗಿದ್ದರು. ಸಲಾಂ ಹೇಳಿದ ಮೇಲೆ ಕೇಳಿದ ಮೊದಲ ಮಾತು, "ಅದನ್ನು ಯಾರಿಗೆ ಕೊಟ್ಟೆ?" ಎಂದು.

ಈಗ ಅಂಗಡಿಯಲ್ಲಿ ನಾನಿದ್ದೇನೆ. ಉಪ್ಪ ತೀರಿಕೊಂಡು ಎರಡು ವರ್ಷವಾಯಿತು. ಹಳೆಯ ಸಾಲ ಯಾರದು ಎಷ್ಟು ಎಂದು ನೋಡಲು 2020ರ ಲೆಕ್ಕದ ಪುಸ್ತಕ ತೆಗೆದಿದ್ದೆ. ಕೊನೆಯ ಪುಟದಲ್ಲಿ, ಗಿರಾಕಿಗಳ ಹೆಸರಿನ ಸಾಲಿನ ಕೆಳಗೆ, ಅವರ ಕೈಬರಹದಲ್ಲಿ "ಪಲ್ಲಿ" ಎಂದು ಬರೆದಿತ್ತು. ನಮ್ಮ ಬ್ಯಾರಿಯಲ್ಲಿ ಹಲ್ಲಿಗೆ ಹಾಗೆಯೇ ಹೇಳುವುದು. ಅದರ ಮುಂದೆ ಬಾಕಿ ಮೊತ್ತದ ಜಾಗದಲ್ಲಿ ಸಾಲಾಗಿ 3 ಗ್ರಾಂ, 3 ಗ್ರಾಂ, 4 ಗ್ರಾಂ, 6 ಗ್ರಾಂ. ಹೀಗೆ 31 ಗ್ರಾಂವರೆಗೆ ಇತ್ತು. ಯಾರದೋ ಸಾಲ ಹುಡುಕಲು ಕೂತವ ಆ ದಿನ ಬೇರೇನೂ ಹುಡುಕಲಿಲ್ಲ.

ಇದನ್ನು ಓದಿ ಯಾರಾದರೂ ಹಲ್ಲಿ ಸಾಕಲು ಹೊರಟರೆ ಮೊದಲು ಮುಂದಿನ ಹದಿನೈದು ವರ್ಷ ಎಲ್ಲಿರುತ್ತೀರಿ ಎಂದು ಯೋಚಿಸಿ. ಊರಿನ ತೋಟದಿಂದ ಉಡವನ್ನೋ ಗೋಸುಂಬೆಯನ್ನೋ ಹಿಡಿದು ತರಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಸಾಕಬೇಕೆಂದೇ ಇಲ್ಲ, ನೋಡಿದರೂ ಸಾಕು. ತೇಜಸ್ವಿಯವರ ಕರ್ವಾಲೋ ಓದಿದವರಿಗೆ ಹಾರುವ ಓತಿ ಗೊತ್ತು. ನಮ್ಮ ಕಡೆಯ ಅಡಿಕೆ ತೋಟಗಳಲ್ಲಿ ಅದು ಇದೆ, ತಲೆ ಎತ್ತಿ ನೋಡುವವರು ಕಡಿಮೆ. ಗಂಡು ಗಂಟಲ ಕೆಳಗಿನ ಹಳದಿ ಪಟ್ಟಿಯನ್ನು ಬಿಚ್ಚಿ ಮುಚ್ಚಿ ಮಾಡುವುದನ್ನು ಒಮ್ಮೆ ಕಂಡರೆ ಮರೆಯುವುದಿಲ್ಲ. ಮೊಟ್ಟೆ ಇಡಲು ಹೆಣ್ಣು ನೆಲಕ್ಕಿಳಿಯುತ್ತದೆ. ಆಗ ಅದಕ್ಕೆ ದಾರಿ ಬಿಡಿ.

ಅಂಗಡಿಯ ಬೆತ್ತ ಈಗಲೂ ಇದೆ. ಮೇಲಿನ ಹಲಗೆಯಿಂದ ಸಾಬೂನಿನ ಪೆಟ್ಟಿಗೆ ಎಳೆಯಲು ಬೇಕಾಗುತ್ತದೆ. ಅಕ್ಕಿ ಬೆಲ್ಲಕ್ಕೆ ಬಿಗಿ ಮುಚ್ಚಳದ ಡ್ರಮ್ ತಂದಿದ್ದೇನೆ, ಹಿಕ್ಕೆ ಬಿದ್ದರೂ ಮುಚ್ಚಳದ ಮೇಲೆ ಬೀಳುತ್ತದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅದನ್ನು ಒರೆಸುತ್ತೇನೆ.